ಡೀ ಡ್ರೈಗ್ರೋಶೆನ್‌ಓಪರ್ (೧೯೩೧ರ ಚಲನಚಿತ್ರ)

ಡೀ ಡ್ರೈಗ್ರೋಶೆನ್‌ಓಪರ್ ೧೯೩೧ರಲ್ಲಿ ತೆರೆಕಂಡ ಜರ್ಮನ್ ಭಾಷೆಯ ಸಂಗೀತಪ್ರಧಾನ ವಿಡಂಬನ ಚಲನಚಿತ್ರ. ಹೆಸರಿನ ಅರ್ಥ 'ಮೂರು ಕಾಸಿನ ಸಂಗೀತ ನಾಟಕ' ಎಂದು. ಬರ್ಟೋಲ್ಟ್ ಬ್ರೆಕ್ಟ್ ಬರೆದು ಕುರ್ಟ್ ವೈಲ್ ಸಂಗೀತ ನೀಡಿದ ಇದೇ ಹೆಸರಿನ ರಂಗನಾಟಕ (೧೯೨೮) ಇದರ ಮೂಲ. ಗೆಯಾರ್ಗ್ ವಿಲ್‌ಹೆಲ್ಮ್ ಪಾಬ್ಸ್ಟ್ ನಿರ್ದೇಶಿಸಿದ ಈ ಚಿತ್ರವು ಜರ್ಮನಿಯ ಆರಂಭಿಕ ವಾಕ್ಚಿತ್ರಗಳಲ್ಲಿ ಮುಖ್ಯವಾದುದೆಂದು ಪರಿಗಣಿತವಾಗಿದೆ. ಚಿತ್ರೀಕರಣ ನಡೆಯುತ್ತಿದ್ದಾಗಲೇ ನಾಟಕಕಾರನೂ ಸಂಗೀತಕಾರನೂ ನಿರ್ಮಾಣ ಸಂಸ್ಥೆಯ ಮೇಲೆ ಹೂಡಿದ ವ್ಯಾಜ್ಯದಿಂದ ಇದು ಕಾನೂನಿನ ಚರಿತ್ರೆಯಲ್ಲಿಯೂ ಸ್ಥಾನ ಪಡೆದಿದೆ. ಒಂದು ಕೃತಿಯು ರಂಗದಿಂದ ತೆರೆಗೆ ಹೋದಾಗ ಅದರ ಮೇಲೆ ಬರೆದವನಿಗೆ ಉಳಿಯುವ ಹಕ್ಕು ಎಷ್ಟು ಎಂಬುದು ಆ ವ್ಯಾಜ್ಯದ ತಿರುಳಾಗಿತ್ತು. ೧೯೩೩ರಲ್ಲಿ ನಾಜಿ ಸರ್ಕಾರ ಈ ಚಿತ್ರವನ್ನು ನಿಷೇಧಿಸಿತು.

ಹಿನ್ನೆಲೆ

ಈ ಕಥೆಯ ಬೇರು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿದೆ. ಇಂಗ್ಲಿಷ್ ಕವಿ ಜಾನ್ ಗೇ ಬರೆದ 'ದಿ ಬೆಗರ್ಸ್ ಆಪೆರಾ' (ಭಿಕ್ಷುಕರ ಸಂಗೀತ ನಾಟಕ) ೧೭೨೮ರ ಜನವರಿಯಲ್ಲಿ ಅಲ್ಲಿ ಮೊದಲ ಪ್ರಯೋಗ ಕಂಡಿತು. ಆ ಕಾಲದಲ್ಲಿ ಇಟಾಲಿಯನ್ ಶೈಲಿಯ ಗಂಭೀರ ಸಂಗೀತ ನಾಟಕಗಳು ಶ್ರೀಮಂತರ ಮೆಚ್ಚುಗೆ ಗಳಿಸಿದ್ದವು. ಅವುಗಳಲ್ಲಿ ದೇವತೆಗಳೂ ರಾಜರೂ ಹಾಡುತ್ತಿದ್ದರು. ಗೇ ಅವರ ಸ್ಥಾನದಲ್ಲಿ ಕಳ್ಳರು, ಭಿಕ್ಷುಕರು ಮತ್ತು ಸೆರೆಮನೆಯ ಅಧಿಕಾರಿಗಳನ್ನು ನಿಲ್ಲಿಸಿ, ಬೀದಿಯ ಜನರಿಗೆ ಪರಿಚಿತವಾದ ಮಟ್ಟುಗಳಿಗೆ ಹಾಡು ಕಟ್ಟಿದನು. ಕಳ್ಳನಿಗೂ ಮಂತ್ರಿಗೂ ಹೆಚ್ಚಿನ ಅಂತರವಿಲ್ಲವೆಂಬ ಧ್ವನಿ ಆ ನಾಟಕದಲ್ಲಿತ್ತು.

ಇದಾದ ಸರಿಯಾಗಿ ಇನ್ನೂರು ವರ್ಷಗಳ ಮೇಲೆ ಎಲಿಜಬೆತ್ ಹೌಪ್ಟ್‌ಮನ್ ಎಂಬ ಲೇಖಕಿ ಗೇಯ ನಾಟಕವನ್ನು ಜರ್ಮನ್ ಭಾಷೆಗೆ ಅನುವಾದಿಸಿದರು. ಆ ಅನುವಾದವನ್ನು ಆಧಾರವಾಗಿಟ್ಟುಕೊಂಡು ಬ್ರೆಕ್ಟ್ ಹೊಸ ನಾಟಕವನ್ನು ರಚಿಸಿದನು. ಹದಿನೈದನೆಯ ಶತಮಾನದ ಫ್ರೆಂಚ್ ಕವಿ ಫ್ರಾನ್ಸ್ವಾ ವಿಯೋಂನ ಕೆಲವು ಪದ್ಯಗಳನ್ನೂ ಅದರಲ್ಲಿ ಸೇರಿಸಿಕೊಂಡನು. ಗೇ ಬಳಸಿದ್ದ ಹಳೆಯ ಮಟ್ಟುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು, ಮಿಕ್ಕೆಲ್ಲ ಹಾಡುಗಳಿಗೆ ಕುರ್ಟ್ ವೈಲ್ ಹೊಸದಾಗಿ ರಾಗ ಸಂಯೋಜಿಸಿದನು. ೧೯೨೮ರ ಆಗಸ್ಟ್ ೩೧ರಂದು ಬರ್ಲಿನ್ನಿನ ಷಿಫ್‌ಬೌವರ್‌ಡಾಮ್ ರಂಗಮಂದಿರದಲ್ಲಿ ನಾಟಕದ ಮೊದಲ ಪ್ರದರ್ಶನ ನಡೆಯಿತು. ಎರಿಕ್ ಎಂಗೆಲ್ ನಿರ್ದೇಶಿಸಿದ ಈ ಪ್ರಯೋಗವು ಯಾರೂ ನಿರೀಕ್ಷಿಸದ ಯಶಸ್ಸು ಕಂಡಿತು. ಕೆಲವೇ ವರ್ಷಗಳಲ್ಲಿ ಯೂರೋಪಿನ ಹಲವು ಭಾಷೆಗಳಿಗೆ ಅನುವಾದವಾಗಿ, ಇದರ ಹಾಡುಗಳು ಉಪಾಹಾರ ಗೃಹಗಳಲ್ಲಿಯೂ ಬೀದಿಗಳಲ್ಲಿಯೂ ಕೇಳಿಬರತೊಡಗಿದವು.

ನಾಟಕದ ಆದಾಯ ಹಂಚಿಕೆಯಲ್ಲಿ ಬ್ರೆಕ್ಟ್‌ಗೆ ಶೇ. ೬೨.೫, ವೈಲ್‌ಗೆ ಶೇ. ೨೫ ಮತ್ತು ಹೌಪ್ಟ್‌ಮನ್ ಅವರಿಗೆ ಶೇ. ೧೨.೫ ಪಾಲು ಗೊತ್ತಾಗಿತ್ತು. ೧೯೨೯ರಲ್ಲಿ ವಿಮರ್ಶಕ ಆಲ್ಫ್ರೆಡ್ ಕೆರ್, ವಿಯೋಂನ ಪದ್ಯಗಳಿಗೆ ಕೆ. ಎಲ್. ಆಮ್ಮರ್ ಮಾಡಿದ್ದ ಜರ್ಮನ್ ಅನುವಾದವನ್ನು ಬ್ರೆಕ್ಟ್ ಹೆಸರು ಹೇಳದೆ ಬಳಸಿದ್ದಾನೆಂದು ಆಕ್ಷೇಪಿಸಿದನು. ಸಾಹಿತ್ಯದ ಒಡೆತನದ ವಿಷಯದಲ್ಲಿ ತಾನು ಮೂಲತಃ ಸಡಿಲ ಮನುಷ್ಯನೆಂದು ಬ್ರೆಕ್ಟ್ ಅದಕ್ಕೆ ಉತ್ತರ ನೀಡಿದನು. ಮರುವರ್ಷವೇ ಆತ ತನ್ನ ಕೃತಿಯ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಕಥಾಸಾರ

ಕಥೆ ನಡೆಯುವುದು ಲಂಡನ್ನಿನ ಸೋಹೋ ಪ್ರದೇಶದಲ್ಲಿ. ರಾಣಿಯ ಪಟ್ಟಾಭಿಷೇಕದ ದಿನ ಹತ್ತಿರವಾಗುತ್ತಿದೆ. ಬೀದಿಯ ಹಾಡುಗಾರನೊಬ್ಬ ಚಿತ್ರಪಟ ತೋರಿಸುತ್ತ, 'ಚೂರಿ ಮೆಕ್ಕಿ' ಎಂದು ಹೆಸರಾದ ದರೋಡೆಕೋರ ಮ್ಯಾಕ್‌ಹೀತನ ಅಪರಾಧಗಳನ್ನು ಹಾಡಿ ಹೇಳುತ್ತಾನೆ. ಆ ಗುಂಪಿನ ನಡುವೆಯೇ ಮೆಕ್ಕಿ ಒಳ್ಳೆಯ ಉಡುಪು, ಬಿಳಿಯ ಕೈಗವಸು ಮತ್ತು ಬೆತ್ತದೊಡನೆ ಗೃಹಸ್ಥನಂತೆ ಓಡಾಡುತ್ತಿರುತ್ತಾನೆ. ಅಲ್ಲಿ ಪಾಲಿ ಎಂಬ ಯುವತಿಯನ್ನು ಕಂಡು ಮರುಳಾಗಿ, ಅಂದೇ ರಾತ್ರಿ ಅವಳನ್ನು ಮದುವೆಯಾಗಲು ನಿಶ್ಚಯಿಸುತ್ತಾನೆ. ಅವನ ಸಂಗಡಿಗರು ಊರೆಲ್ಲ ಕನ್ನಹಾಕಿ ತಂದ ಸಾಮಾನುಗಳಿಂದ ಬಂದರಿನ ಪಾಳು ಉಗ್ರಾಣವು ಮದುವೆಯ ಮಂಟಪವಾಗುತ್ತದೆ. ಆ ಮದುವೆಗೆ ಬರುವ ಮುಖ್ಯ ಅತಿಥಿ ಲಂಡನ್ನಿನ ಪೊಲೀಸ್ ಮುಖ್ಯಸ್ಥ ಟೈಗರ್ ಬ್ರೌನ್. ಇವರಿಬ್ಬರೂ ಹಿಂದೆ ಭಾರತದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಒಟ್ಟಿಗೆ ಇದ್ದವರು. ಅವರು ಆ ದಿನಗಳನ್ನು ನೆನೆದು ಹಾಡುವ 'ಫಿರಂಗಿ ಹಾಡಿ'ನಲ್ಲಿ ಕೂಚ್ ಬಿಹಾರದ ಹೆಸರೂ ಬರುತ್ತದೆ.

ಪಾಲಿಯ ತಂದೆ ಪೀಚಮ್ 'ಭಿಕ್ಷುಕರ ರಾಜ'. ಊರಿನಲ್ಲಿ ಬೇಡುವವರೆಲ್ಲರೂ ಅವನಿಂದ ಪರವಾನಗಿ ಪಡೆಯಬೇಕು. ಕುಂಟನ ಊರುಗೋಲು, ಕುರುಡನ ಕನ್ನಡಕ, ಹರಕು ಬಟ್ಟೆ ಇವೆಲ್ಲ ಅವನ ಅಂಗಡಿಯಲ್ಲಿ ಬಾಡಿಗೆಗೆ ದೊರೆಯುತ್ತವೆ. ಗಳಿಕೆಯಲ್ಲಿ ಅವನಿಗೆ ಪಾಲು ಸಲ್ಲಬೇಕು. ಮಗಳು ಕಳ್ಳನನ್ನು ಮದುವೆಯಾದಳೆಂದು ಕೆರಳಿದ ಪೀಚಮ್, ಮೆಕ್ಕಿಯನ್ನು ಸೆರೆ ಹಿಡಿಯದಿದ್ದರೆ ಪಟ್ಟಾಭಿಷೇಕದ ಮೆರವಣಿಗೆಗೆ ತನ್ನ ಭಿಕ್ಷುಕರ ದಂಡನ್ನು ನುಗ್ಗಿಸುವೆನೆಂದು ಬ್ರೌನನಿಗೆ ಬೆದರಿಕೆ ಹಾಕುತ್ತಾನೆ.

ಮೆಕ್ಕಿ ವ್ಯವಹಾರವನ್ನು ಹೆಂಡತಿಗೆ ವಹಿಸಿ ತಲೆಮರೆಸಿಕೊಳ್ಳಲು ಹೊರಡುತ್ತಾನೆ. ಆದರೆ ಅಭ್ಯಾಸಬಲದಿಂದ ಹಳೆಯ ವೇಶ್ಯಾಗೃಹಕ್ಕೇ ಹೋಗುತ್ತಾನೆ. ಅಲ್ಲಿನ ಜೆನ್ನಿ ಮತ್ಸರದಿಂದಲೂ ಪೀಚಮ್‌ನ ಹೆಂಡತಿ ನೀಡಿದ ಹಣದಿಂದಲೂ ಅವನನ್ನು ಪೊಲೀಸರಿಗೆ ಒಪ್ಪಿಸುತ್ತಾಳೆ. ಇತ್ತ ಪಾಲಿ ಗುಂಪಿನ ಹಣದಿಂದ ಒಂದು ಬ್ಯಾಂಕನ್ನೇ ವಶಮಾಡಿಕೊಂಡು ನಡೆಸತೊಡಗುತ್ತಾಳೆ. ನಿನ್ನೆಯವರೆಗೆ ಕನ್ನ ಹಾಕುತ್ತಿದ್ದವರು ಈಗ ಟೊಪ್ಪಿಗೆ ಧರಿಸಿ ನಿರ್ದೇಶಕರ ಕುರ್ಚಿಗಳಲ್ಲಿ ಕುಳಿತುಕೊಳ್ಳುತ್ತಾರೆ. ಅಳಿಯ ಬ್ಯಾಂಕಿನ ಒಡೆಯನಾದನೆಂದು ತಿಳಿದೊಡನೆ ಪೀಚಮ್ ಮೆರವಣಿಗೆಯನ್ನು ತಡೆಯಲು ಓಡುತ್ತಾನೆ. ಆದರೆ ಹೊರಟ ಭಿಕ್ಷುಕರು ನಿಲ್ಲುವುದಿಲ್ಲ. ಅವರು ರಾಣಿಯ ರಥದೆದುರು ನಿಂತು ದಿಟ್ಟಿಸಿದಾಗ ರಾಣಿ ಹೂಗುಚ್ಛದಿಂದ ಮುಖ ಮರೆಸಿಕೊಳ್ಳುತ್ತಾಳೆ. ಜೆನ್ನಿಯ ನೆರವಿನಿಂದ ಮೆಕ್ಕಿ ಸೆರೆಯಿಂದ ಪಾರಾಗುತ್ತಾನೆ. ಕೊನೆಗೆ ಕಳ್ಳ, ಪೊಲೀಸ್ ಅಧಿಕಾರಿ ಮತ್ತು ಭಿಕ್ಷುಕರ ರಾಜ ಮೂವರೂ ಒಂದೇ ಬ್ಯಾಂಕಿನ ಪಾಲುದಾರರಾಗುತ್ತಾರೆ. ಮೆರವಣಿಗೆಯ ಬಡಜನರು ಕತ್ತಲೆಯಲ್ಲಿ ಕರಗಿಹೋಗುತ್ತಾರೆ.

ಪಾತ್ರವರ್ಗ

* ರುಡಾಲ್ಫ್ ಫಾರ್ಸ್ಟರ್: ಮ್ಯಾಕ್‌ಹೀತ್ (ಚೂರಿ ಮೆಕ್ಕಿ)
* ಕರೋಲಾ ನೇಹರ್: ಪಾಲಿ
* ಫ್ರಿಟ್ಸ್ ರಾಸ್ಪ್: ಪೀಚಮ್
* ವಲೆಸ್ಕಾ ಗೆರ್ಟ್: ಪೀಚಮ್‌ನ ಪತ್ನಿ
* ಲೊಟ್ಟೆ ಲೆನ್ಯಾ: ಜೆನ್ನಿ
* ರೈನ್‌ಹೋಲ್ಡ್ ಷುಂಟ್ಸೆಲ್: ಟೈಗರ್ ಬ್ರೌನ್
* ವ್ಲಾದಿಮಿರ್ ಸೊಕೊಲಾಫ್: ಸೆರೆಮನೆಯ ಕಾವಲುಗಾರ ಸ್ಮಿತ್
* ಅರ್ನ್‌ಸ್ಟ್ ಬುಷ್: ಬೀದಿಯ ಹಾಡುಗಾರ

ಇವರಲ್ಲಿ ಲೆನ್ಯಾ ೧೯೨೮ರ ಮೊದಲ ರಂಗಪ್ರಯೋಗದಲ್ಲಿಯೂ ಜೆನ್ನಿಯಾಗಿ ನಟಿಸಿದ್ದರು. ಅವರು ಸಂಗೀತಕಾರ ವೈಲ್‌ನ ಪತ್ನಿ. ಕರೋಲಾ ನೇಹರ್ ಆ ಪ್ರಯೋಗದಲ್ಲಿ ಪಾಲಿಯಾಗಬೇಕಾಗಿತ್ತು. ಆದರೆ ಅವರ ಪತಿ, ಕವಿ ಕ್ಲಾಬುಂಡ್, ಅದೇ ಆಗಸ್ಟ್ ತಿಂಗಳಿನಲ್ಲಿ ತೀರಿಕೊಂಡುದರಿಂದ ಆ ಪಾತ್ರ ರೋಮಾ ಬಾನ್ ಅವರ ಪಾಲಾಯಿತು.

ನಿರ್ಮಾಣ

೧೯೩೦ರ ಮೇ ತಿಂಗಳಿನಲ್ಲಿ ಬರ್ಲಿನ್ನಿನ ನೀರೋ ಫಿಲ್ಮ್ ಸಂಸ್ಥೆ ನಾಟಕದ ಚಲನಚಿತ್ರ ಹಕ್ಕುಗಳನ್ನು ಪಡೆಯಿತು. ಸೀಮೋರ್ ನೆಬೆನ್‌ಟ್ಸಾಲ್ ಅದರ ನಿರ್ಮಾಪಕ. ಮಾತಿನ ಚಿತ್ರಗಳು ಜರ್ಮನಿಯಲ್ಲಿ ಆಗತಾನೆ ಕಾಲೂರುತ್ತಿದ್ದವು. ೧೯೩೦ರಲ್ಲಿ 'ಡೀ ಡ್ರೈ ಫಾನ್ ಡೆರ್ ಟಾಂಕ್‌ಷ್ಟೆಲ್ಲೆ' ಎಂಬ ಸಂಗೀತಮಯ ಹಾಸ್ಯಚಿತ್ರ ಭಾರಿ ಯಶಸ್ಸು ಗಳಿಸಿತ್ತು. ಹಾಡು ತುಂಬಿದ ಚಿತ್ರಗಳಿಗೆ ಬೇಡಿಕೆ ಹೆಚ್ಚಿತ್ತು. ಜನರ ಬಾಯಲ್ಲಿ ಆಗಲೇ ಇದ್ದ ಹಾಡುಗಳುಳ್ಳ ನಾಟಕವನ್ನು ತೆರೆಗೆ ತರುವುದು ಲಾಭದಾಯಕವೆಂದು ಸಂಸ್ಥೆ ಭಾವಿಸಿದ್ದು ಸಹಜವೇ ಆಗಿತ್ತು.

ಒಪ್ಪಂದದ ಪ್ರಕಾರ ಚಿತ್ರಕಥೆಗೆ ಬೇಕಾದ ಕಥಾರೂಪವನ್ನು ಬ್ರೆಕ್ಟ್ ಒದಗಿಸಬೇಕಾಗಿತ್ತು. ಚಿತ್ರಕಥೆಯ ವಿಷಯದಲ್ಲಿ ಅವನಿಗೆ ಸಮಾಲೋಚನೆಯ ಹಕ್ಕೂ ಇತ್ತು. ನಾಟಕ ಬರೆದ ಎರಡು ವರ್ಷಗಳಲ್ಲಿ ಬ್ರೆಕ್ಟ್ ಮಾರ್ಕ್ಸ್‌ವಾದದ ಕಡೆಗೆ ಬಹಳ ಸರಿದಿದ್ದನು. ಆತ ಸಿದ್ಧಪಡಿಸಿದ 'ಡೀ ಬಾಯ್ಲೆ' (ಬುಗುಟು) ಎಂಬ ಕಥಾರೂಪವು ಮೂಲ ನಾಟಕಕ್ಕಿಂತ ತೀಕ್ಷ್ಣವಾದ ರಾಜಕೀಯ ವಿಡಂಬನೆಯಾಗಿತ್ತು. ಕಳ್ಳರು ಬ್ಯಾಂಕಿನವರಾಗುವ ಕಲ್ಪನೆ ಅದರಲ್ಲಿಯೇ ಬಂದುದು. ಸಂಸ್ಥೆಗೆ ಬೇಕಾಗಿದ್ದುದು ಜನಪ್ರಿಯ ನಾಟಕವೇ ಹೊರತು ಹೊಸ ರಾಜಕೀಯ ಕೃತಿಯಲ್ಲ. ಹೀಗಾಗಿ ಇಬ್ಬರ ನಡುವೆ ಬಿರುಕು ಮೂಡಿತು. ಲಿಯೋ ಲಾನಿಯಾ, ಲಾಡಿಸ್ಲಾಸ್ ವಾಯ್ಡಾ ಮತ್ತು ಹಂಗೇರಿಯ ಚಲನಚಿತ್ರ ಮೀಮಾಂಸಕ ಬೇಲಾ ಬಲಾಷ್ ಸೇರಿ ಚಿತ್ರಕಥೆಯನ್ನು ಪೂರ್ಣಗೊಳಿಸಿದರು. ಸೆಪ್ಟೆಂಬರ್ ತಿಂಗಳಿನಲ್ಲಿ ಚಿತ್ರೀಕರಣ ಆರಂಭವಾಯಿತು.

ನ್ಯಾಯಾಲಯದ ವ್ಯಾಜ್ಯ

ಬ್ರೆಕ್ಟ್ ಮತ್ತು ವೈಲ್ ಇಬ್ಬರೂ ನೀರೋ ಫಿಲ್ಮ್ ಸಂಸ್ಥೆಯ ವಿರುದ್ಧ ಬರ್ಲಿನ್ನಿನ ನ್ಯಾಯಾಲಯದಲ್ಲಿ ಪ್ರತ್ಯೇಕ ದಾವೆಗಳನ್ನು ಹೂಡಿದರು. ೧೯೩೦ರ ಅಕ್ಟೋಬರ್ ತಿಂಗಳಿನಲ್ಲಿ ವಿಚಾರಣೆ ನಡೆಯಿತು. ತನ್ನ ಒಪ್ಪಿಗೆಯಿಲ್ಲದ ಚಿತ್ರಕಥೆಯಿಂದ ತನ್ನ ಕೃತಿಯ ಅರ್ಥವೇ ಬದಲಾಗುತ್ತದೆ ಎಂಬುದು ಬ್ರೆಕ್ಟ್‌ನ ವಾದ. ಲಕ್ಷಾಂತರ ಮಾರ್ಕ್ ಹಣ ಹೂಡಿದ ಮೇಲೆ ಲೇಖಕನೊಬ್ಬನ ಇಚ್ಛೆಗಾಗಿ ಕೆಲಸ ನಿಲ್ಲಿಸಲಾಗದು, ಆತನೇ ಸಹಕರಿಸದೆ ಹಿಂದೆ ಸರಿದನು ಎಂಬುದು ಸಂಸ್ಥೆಯ ವಾದ. ಪತ್ರಿಕೆಗಳು ಈ ವಿಚಾರಣೆಯನ್ನು ಕುತೂಹಲದಿಂದ ವರದಿ ಮಾಡಿದವು.

೧೯೩೦ರ ನವೆಂಬರ್ ೪ರಂದು ತೀರ್ಪು ಹೊರಬಿದ್ದಿತು. ಬ್ರೆಕ್ಟ್ ಸೋತನು. ವೈಲ್ ಗೆದ್ದನು. ಒಂದೇ ನಾಟಕ, ಒಂದೇ ಚಿತ್ರ, ಒಂದೇ ಸಂಸ್ಥೆಯಾದರೂ ಫಲಿತಾಂಶ ಬೇರೆಯಾದುದಕ್ಕೆ ಕಾರಣ ಒಪ್ಪಂದದ ವಿವರಗಳಲ್ಲಿತ್ತು. ಬ್ರೆಕ್ಟ್ ಕಥಾರೂಪದ ಕೆಲಸವನ್ನು ಪೂರೈಸದೆ ಸಹಕಾರವನ್ನು ಮುರಿದನೆಂದು ನ್ಯಾಯಾಲಯ ಭಾವಿಸಿತು. ವೈಲ್‌ನ ಸಂಗೀತಕ್ಕೆ ಮಾತ್ರ ಸ್ಪಷ್ಟವಾದ ರಕ್ಷಣೆ ಇತ್ತು. ಅವನ ಒಪ್ಪಿಗೆಯಿಲ್ಲದೆ ಬೇರೆಯವರ ಸಂಗೀತ ಸೇರಿಸುವುದಾಗಲಿ ಇದ್ದುದನ್ನು ಬದಲಿಸುವುದಾಗಲಿ ಸಲ್ಲದೆಂದು ಒಪ್ಪಲಾಯಿತು. ಬಳಿಕ ಇಬ್ಬರೂ ಸಂಸ್ಥೆಯೊಡನೆ ರಾಜಿ ಮಾಡಿಕೊಂಡರು. ಬ್ರೆಕ್ಟ್ ಮೇಲ್ಮನವಿಯನ್ನು ಕೈಬಿಟ್ಟನು.

ಈ ಅನುಭವವನ್ನು ಕುರಿತು ಬ್ರೆಕ್ಟ್ 'ಡೆರ್ ಡ್ರೈಗ್ರೋಶೆನ್‌ಪ್ರೊಟ್ಸೆಸ್' (ಮೂರು ಕಾಸಿನ ವ್ಯಾಜ್ಯ) ಎಂಬ ದೀರ್ಘ ಪ್ರಬಂಧವನ್ನು ಬರೆದನು. ಆ ವ್ಯಾಜ್ಯವನ್ನು ಆತ ಒಂದು ಸಾಮಾಜಿಕ ಪ್ರಯೋಗವೆಂದು ಕರೆದನು. ಕಲಾಕೃತಿ ಕರ್ತೃವಿನ ವ್ಯಕ್ತಿತ್ವದ ಅಭಿವ್ಯಕ್ತಿ, ಆದ್ದರಿಂದ ಅದು ಪವಿತ್ರ ಎಂದು ಸಮಾಜ ಬಾಯಲ್ಲಿ ಹೇಳುತ್ತದೆ. ಆದರೆ ಹಣ ತೊಡಗಿದಾಗ ಅದೇ ಸಮಾಜ ಕೃತಿಯನ್ನು ಮಾರಾಟದ ಸರಕಾಗಿ ಕಾಣುತ್ತದೆ. ನ್ಯಾಯಾಲಯ ಈ ಎರಡರ ನಡುವಿನ ವಿರೋಧವನ್ನು ಬೆಳಕಿಗೆ ತಂದಿತೆಂಬುದು ಆತನ ಪ್ರತಿಪಾದನೆ. ಚಲನಚಿತ್ರ, ಕೃತಿಸ್ವಾಮ್ಯ ಮತ್ತು ಮಾರುಕಟ್ಟೆಗಳ ಸಂಬಂಧವನ್ನು ಅಭ್ಯಸಿಸುವವರು ಈ ಪ್ರಬಂಧವನ್ನು ಇಂದಿಗೂ ಓದುತ್ತಾರೆ.

ನಾಟಕಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸಗಳು

* ನಾಟಕದಲ್ಲಿ ಮೆಕ್ಕಿಯನ್ನು ಗಲ್ಲಿಗೇರಿಸುವ ಕ್ಷಣದಲ್ಲಿ ರಾಣಿಯ ದೂತ ಕುದುರೆಯೇರಿ ಬಂದು ಕ್ಷಮಾದಾನವನ್ನೂ ಬಿರುದನ್ನೂ ಘೋಷಿಸುತ್ತಾನೆ. ಸುಖಾಂತ್ಯದ ನಾಟಕಗಳ ಅಣಕ ಅದು. ಚಿತ್ರದಲ್ಲಿ ಈ ದೃಶ್ಯವಿಲ್ಲ. ಅದರ ಸ್ಥಾನದಲ್ಲಿ ಬ್ಯಾಂಕಿನ ಪ್ರಸಂಗ ಬರುತ್ತದೆ.
* ನಾಟಕದಲ್ಲಿ ಭಿಕ್ಷುಕರ ಮೆರವಣಿಗೆ ಬೆದರಿಕೆಯಾಗಿಯೇ ಉಳಿಯುತ್ತದೆ. ಚಿತ್ರದಲ್ಲಿ ಅದು ನಿಜವಾಗಿ ನಡೆಯುತ್ತದೆ.
* ಬ್ರೌನನ ಮಗಳು ಲೂಸಿಯ ಪಾತ್ರವನ್ನೂ ಅವಳಿಗೂ ಪಾಲಿಗೂ ನಡೆಯುವ ಜಗಳದ ಹಾಡನ್ನೂ ಚಿತ್ರದಲ್ಲಿ ಕೈಬಿಡಲಾಗಿದೆ.
* ಕಡಲುಗಳ್ಳರನ್ನು ಕುರಿತ ಜೆನ್ನಿಯ ಹಾಡನ್ನು ನಾಟಕದಲ್ಲಿ ಪಾಲಿ ತನ್ನ ಮದುವೆಯ ದಿನ ಹಾಡುತ್ತಾಳೆ. ಚಿತ್ರದಲ್ಲಿ ಅದು ವೇಶ್ಯಾಗೃಹದ ಜೆನ್ನಿಯ ಪಾಲಾಗಿದೆ. ಮದುವೆಯ ವಿನೋದವಾಗಿದ್ದ ಹಾಡು ಇಲ್ಲಿ ನೊಂದ ಹೆಣ್ಣಿನ ಸೇಡಿನ ಕನಸಾಗಿ ಕೇಳಿಸುತ್ತದೆ.

ವ್ಯಾಜ್ಯದಲ್ಲಿ ಸೋತ ಬ್ರೆಕ್ಟ್‌ನ ಕಥಾರೂಪದ ಹಲವು ಅಂಶಗಳು ಹೀಗೆ ಚಿತ್ರದಲ್ಲಿ ಉಳಿದುಕೊಂಡವು. ಪಾಬ್ಸ್ಟ್ ನಾಟಕದ ಮೊನೆಯನ್ನು ಮೊಂಡು ಮಾಡಿದನೆಂದು ಕೆಲವು ವಿಮರ್ಶಕರು ಹೇಳಿದರೆ, ಕೊನೆಯ ಭಾಗದಲ್ಲಿ ಚಿತ್ರವೇ ನಾಟಕಕ್ಕಿಂತ ಹರಿತವಾಗಿದೆ ಎಂದು ಮತ್ತೆ ಕೆಲವರು ಅಭಿಪ್ರಾಯಪಡುತ್ತಾರೆ.

ಸಂಗೀತ

ಚಿತ್ರದ ಸಂಗೀತವನ್ನು ನಡೆಸಿದವನು ಥಿಯೋ ಮಾಕೆಬೆನ್. ನಾಟಕದ ಮೊದಲ ಪ್ರದರ್ಶನದ ವಾದ್ಯಮೇಳವನ್ನು ನಡೆಸಿದವನೂ ಆತನೇ. ಜಾಸ್, ಬೀದಿಯ ವಾದ್ಯ, ಚರ್ಚಿನ ಸ್ತೋತ್ರಗಳ ಧಾಟಿ ಮತ್ತು ನೃತ್ಯಶಾಲೆಯ ಟ್ಯಾಂಗೋ ಇವೆಲ್ಲವನ್ನೂ ವೈಲ್ ಈ ಹಾಡುಗಳಲ್ಲಿ ಬೆರೆಸಿದ್ದಾನೆ. ನಾಟಕದ ಹಲವಾರು ಹಾಡುಗಳು ಚಿತ್ರದಲ್ಲಿ ಇಲ್ಲವಾದರೂ, ಉಳಿದವುಗಳು ಕಥೆಯ ಆಯಕಟ್ಟಿನ ಸ್ಥಾನಗಳಲ್ಲಿ ಬರುತ್ತವೆ.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಚೂರಿ ಮೆಕ್ಕಿಯನ್ನು ಕುರಿತ ಬೀದಿಯ ಲಾವಣಿ. ಇದನ್ನು ಹಾಡಿರುವವನು ಅರ್ನ್‌ಸ್ಟ್ ಬುಷ್. ಬೆಳಕಿನಲ್ಲಿರುವವರು ಕಣ್ಣಿಗೆ ಬೀಳುತ್ತಾರೆ, ಕತ್ತಲೆಯಲ್ಲಿರುವವರು ಬೀಳುವುದಿಲ್ಲ ಎಂಬ ಭಾವದ, ಚಿತ್ರದ ಕೊನೆಯಲ್ಲಿ ಕೇಳಿಬರುವ ಚರಣವನ್ನು ಬ್ರೆಕ್ಟ್ ಮೂಲ ನಾಟಕಕ್ಕಲ್ಲದೆ ಚಿತ್ರಕ್ಕೆಂದೇ ಬರೆದನು. ಮುಂದೆ ಈ ಲಾವಣಿ 'ಮ್ಯಾಕ್ ದಿ ನೈಫ್' ಎಂಬ ಹೆಸರಿನಲ್ಲಿ ಅಮೆರಿಕವನ್ನು ತಲುಪಿತು. ಲೂಯಿ ಆರ್ಮ್‌ಸ್ಟ್ರಾಂಗ್ (೧೯೫೫) ಮತ್ತು ಬಾಬಿ ಡಾರಿನ್ (೧೯೫೯) ಹಾಡಿದ ಧ್ವನಿಮುದ್ರಿಕೆಗಳು ಜಗತ್ತಿನಾದ್ಯಂತ ಜನಪ್ರಿಯವಾದವು.

ದೃಶ್ಯಶೈಲಿ

ವಾಕ್ಚಿತ್ರದ ಆರಂಭದ ವರ್ಷಗಳಲ್ಲಿ ಕ್ಯಾಮರಾದ ಸದ್ದು ಧ್ವನಿಮುದ್ರಣಕ್ಕೆ ಅಡ್ಡಿಯಾಗುತ್ತಿತ್ತು. ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಚಿತ್ರೀಕರಿಸುವ ರೂಢಿಯಿತ್ತು. ಇದರಿಂದ ಆ ಕಾಲದ ಅನೇಕ ಚಿತ್ರಗಳು ಒಂದೆಡೆ ನಿಂತು ನಾಟಕ ನೋಡಿದಂತೆ ಕಾಣುತ್ತವೆ. ಪಾಬ್ಸ್ಟ್‌ನ ಚಿತ್ರ ಹಾಗಲ್ಲ. ಛಾಯಾಗ್ರಾಹಕ ಫ್ರಿಟ್ಸ್ ಆರ್ನೋ ವಾಗ್ನರ್ ಕ್ಯಾಮರಾವನ್ನು ಇಕ್ಕಟ್ಟಾದ ಓಣಿಗಳಲ್ಲಿ, ಬಂದರಿನ ಮೆಟ್ಟಿಲುಗಳಲ್ಲಿ, ಜನಜಂಗುಳಿಯ ನಡುವೆ ಸಂಚರಿಸುವಂತೆ ಮಾಡಿದ್ದಾನೆ. ಆಂದ್ರೇ ಆಂದ್ರೇಯೆವ್ ರೂಪಿಸಿದ ಲಂಡನ್ ನಿಜವಾದ ಲಂಡನ್ ಅಲ್ಲ. ಮಂಜು, ನೆರಳು, ಗಾಜು ಮತ್ತು ಕನ್ನಡಿಗಳಿಂದ ಕಟ್ಟಿದ ಕಲ್ಪನೆಯ ನಗರ ಅದು. ಮುಸುಕಾದ ಈ ನಗರದಲ್ಲಿ ಬೀದಿಯ ಹಾಡುಗಾರನು ಆಗಾಗ ಪ್ರೇಕ್ಷಕರನ್ನು ನೇರವಾಗಿ ನೋಡಿ ಮಾತನಾಡುತ್ತಾನೆ. ಯಕ್ಷಗಾನದ ಭಾಗವತನನ್ನು ಬಲ್ಲ ಕನ್ನಡದ ಪ್ರೇಕ್ಷಕರಿಗೆ ಈ ಕ್ರಮ ಹೊಸದಾಗಿ ತೋರದು.

ಫ್ರೆಂಚ್ ಆವೃತ್ತಿ

ಮಾತುಗಳನ್ನು ಬೇರೆ ಭಾಷೆಗೆ ಡಬ್ಬಿಂಗ್ ಮಾಡುವ ತಂತ್ರ ಇನ್ನೂ ಪಳಗಿರಲಿಲ್ಲ. ಹೊರದೇಶಗಳ ಮಾರುಕಟ್ಟೆಗಾಗಿ ಒಂದೇ ರಂಗಸಜ್ಜಿಕೆಯಲ್ಲಿ ಬೇರೆ ನಟರನ್ನು ನಿಲ್ಲಿಸಿ ಅದೇ ಚಿತ್ರವನ್ನು ಮತ್ತೊಂದು ಭಾಷೆಯಲ್ಲಿ ತೆಗೆಯುವುದು ಆಗಿನ ಪದ್ಧತಿ. ಅದರಂತೆ ಪಾಬ್ಸ್ಟ್ 'ಲೋಪೆರಾ ದ ಕಾತ್‌ಸೂ' ಎಂಬ ಫ್ರೆಂಚ್ ಆವೃತ್ತಿಯನ್ನೂ ಸಿದ್ಧಪಡಿಸಿದನು. ಅದರಲ್ಲಿ ಆಲ್ಬರ್ಟ್ ಪ್ರೆಜಾಂ ಮೆಕ್ಕಿಯಾಗಿಯೂ ಫ್ಲೊರೆಲ್ ಪಾಲಿಯಾಗಿಯೂ ನಟಿಸಿದರು. ಮುಂದೆ ರಂಗಚಿಂತಕನೆಂದು ಹೆಸರಾದ ಆಂತೊನಾಂ ಆರ್ತೋ ಒಂದು ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡಿದ್ದಾನೆ.

ಬಿಡುಗಡೆ ಮತ್ತು ನಿಷೇಧ

ಚಿತ್ರವು ೧೯೩೧ರ ಫೆಬ್ರವರಿ ೧೯ರಂದು ಬರ್ಲಿನ್ನಿನ ಆಟ್ರಿಯಂ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಆ ಹೊತ್ತಿಗೆ ಜರ್ಮನಿ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿತ್ತು. ನಿರುದ್ಯೋಗ ಏರುತ್ತಿತ್ತು. ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, ೧೯೩೧ರ ಬೇಸಗೆಯಲ್ಲಿ, ಜರ್ಮನಿಯ ದೊಡ್ಡ ಬ್ಯಾಂಕುಗಳೇ ಬಾಗಿಲು ಮುಚ್ಚುವ ಸ್ಥಿತಿಗೆ ಬಂದವು. ಬ್ಯಾಂಕನ್ನು ಕುರಿತ ಚಿತ್ರದ ವಿಡಂಬನೆ ಆಗಿನ ಪ್ರೇಕ್ಷಕರಿಗೆ ಬರಿಯ ಕಥೆಯಾಗಿ ಉಳಿಯಲಿಲ್ಲ.

೧೯೩೩ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಫೆಬ್ರವರಿ ೨೭ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ ಬ್ರೆಕ್ಟ್ ದೇಶ ಬಿಟ್ಟನು. ಯೆಹೂದಿಯಾದ ವೈಲ್ ಮಾರ್ಚ್ ತಿಂಗಳಿನಲ್ಲಿ ಪ್ಯಾರಿಸ್ಸಿಗೆ ತೆರಳಿದನು. ಅದೇ ವರ್ಷದ ಆಗಸ್ಟ್ ೧೦ರಂದು ಚಿತ್ರ ನಿಷೇಧಕ್ಕೊಳಗಾಯಿತು. ೧೯೩೮ರಲ್ಲಿ ಡ್ಯುಸೆಲ್ಡಾರ್ಫ್ ನಗರದಲ್ಲಿ ನಾಜಿಗಳು 'ಪತಿತ ಸಂಗೀತ' ಎಂಬ ಪ್ರದರ್ಶನ ಏರ್ಪಡಿಸಿ ತಮಗಾಗದ ಸಂಗೀತಕಾರರನ್ನು ಹೀಯಾಳಿಸಿದಾಗ ಅವರ ಪಟ್ಟಿಯಲ್ಲಿ ವೈಲ್‌ನ ಹೆಸರೂ ಇತ್ತು.

ಕಲಾವಿದರ ಮುಂದಿನ ಬದುಕು

ಪಾಲಿಯಾಗಿ ನಟಿಸಿದ ಕರೋಲಾ ನೇಹರ್ ನಾಜಿಗಳಿಂದ ತಪ್ಪಿಸಿಕೊಂಡು ಸೋವಿಯತ್ ಒಕ್ಕೂಟಕ್ಕೆ ಹೋದರು. ೧೯೩೬ರಲ್ಲಿ ಸ್ಟಾಲಿನ್ ಆಡಳಿತ ಅವರನ್ನು ಬಂಧಿಸಿತು. ೧೯೪೨ರಲ್ಲಿ ಅವರು ಸೆರೆಯಲ್ಲಿಯೇ ವಿಷಮಶೀತ ಜ್ವರದಿಂದ ತೀರಿಕೊಂಡರು. ರಂಗಪ್ರಯೋಗದಲ್ಲಿ ಬ್ರೌನನ ಪಾತ್ರ ವಹಿಸಿದ್ದ ಕುರ್ಟ್ ಗೆರೋನ್ ಅವರನ್ನು ೧೯೪೪ರಲ್ಲಿ ಔಷ್‌ವಿಟ್ಸ್ ಶಿಬಿರದಲ್ಲಿ ಕೊಲ್ಲಲಾಯಿತು. ಚಿತ್ರದ ಬ್ರೌನ್ ರೈನ್‌ಹೋಲ್ಡ್ ಷುಂಟ್ಸೆಲ್ ೧೯೩೩ರಲ್ಲಿ 'ವಿಕ್ಟರ್ ಉಂಟ್ ವಿಕ್ಟೋರಿಯಾ'ವನ್ನು ನಿರ್ದೇಶಿಸಿ, ಕೆಲವು ವರ್ಷಗಳ ಬಳಿಕ ಅಮೆರಿಕಕ್ಕೆ ವಲಸೆ ಹೋದನು. ಬೇಲಾ ಬಲಾಷ್ ಸೋವಿಯತ್ ಒಕ್ಕೂಟದಲ್ಲಿ ನೆಲೆಸಿ ಯುದ್ಧದ ನಂತರ ಹಂಗೇರಿಗೆ ಮರಳಿದನು. ಪಾಬ್ಸ್ಟ್ ಮಾತ್ರ ಯುದ್ಧಕಾಲದಲ್ಲಿ ನಾಜಿ ಆಳ್ವಿಕೆಯಲ್ಲಿಯೇ ಚಿತ್ರಗಳನ್ನು ನಿರ್ದೇಶಿಸಿದನು. ಅವನ ಕೀರ್ತಿಗೆ ಇದು ಕಳಂಕವಾಗಿ ಉಳಿಯಿತು.

ಲೊಟ್ಟೆ ಲೆನ್ಯಾ ಅಮೆರಿಕ ಸೇರಿದರು. ೧೯೫೪ರಲ್ಲಿ ಮಾರ್ಕ್ ಬ್ಲಿಟ್ಸ್‌ಟೈನ್ ಮಾಡಿದ ಇಂಗ್ಲಿಷ್ ರೂಪಾಂತರದಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ಮತ್ತೆ ಜೆನ್ನಿಯಾದರು. ಆ ಪ್ರಯೋಗ ವರ್ಷಗಟ್ಟಲೆ ನಡೆಯಿತು. ಲೆನ್ಯಾ ಅವರಿಗೆ ಟೋನಿ ಪ್ರಶಸ್ತಿ ಸಂದಿತು.

ಪ್ರತಿಯ ಉಳಿವು ಮತ್ತು ಮರುನಿರ್ಮಾಣಗಳು

ನಿಷೇಧದ ಅವಧಿಯಲ್ಲಿ ಚಿತ್ರದ ಮೂಲ ನೆಗೆಟಿವ್ ನಾಶವಾಯಿತು. ಬೇರೆ ಬೇರೆ ದೇಶಗಳಲ್ಲಿ ಉಳಿದಿದ್ದ ಪ್ರತಿಗಳನ್ನು ಒಟ್ಟುಗೂಡಿಸಿ, ಅಮೆರಿಕದ ವಿತರಕ ಥಾಮಸ್ ಬ್ರ್ಯಾಂಡನ್ ೧೯೬೦ರ ಸುಮಾರಿಗೆ ಚಿತ್ರವನ್ನು ಪುನಃ ಪ್ರೇಕ್ಷಕರಿಗೆ ದೊರಕಿಸಿದನು. ಮುಂದೆ ಇನ್ನಷ್ಟು ಉತ್ತಮ ಗುಣಮಟ್ಟದ ಪ್ರತಿ ಸಿದ್ಧವಾಗಿ ಡಿವಿಡಿ ರೂಪದಲ್ಲಿಯೂ ಬಂದಿತು. ೧೯೬೩ರಲ್ಲಿ ವೋಲ್ಫ್‌ಗಾಂಗ್ ಷ್ಟೌಟೆ ಇದೇ ನಾಟಕವನ್ನು ಮತ್ತೊಮ್ಮೆ ಚಲನಚಿತ್ರವಾಗಿಸಿದನು. ೨೦೧೮ರಲ್ಲಿ ಬಂದ, ಯೋವಾಕಿಮ್ ಲಾಂಗ್ ನಿರ್ದೇಶನದ ಜರ್ಮನ್ ಚಿತ್ರವೊಂದು ೧೯೩೦ರ ವ್ಯಾಜ್ಯವನ್ನೇ ಕಥೆಯಾಗಿಸಿಕೊಂಡಿದೆ.

ಭಾರತದಲ್ಲಿ ಮತ್ತು ಕನ್ನಡದಲ್ಲಿ

ಮೂಲ ನಾಟಕವು ಭಾರತದ ಹಲವು ಭಾಷೆಗಳಿಗೆ ಬಂದಿದೆ. ಬಂಗಾಳಿಯಲ್ಲಿ ಅಜಿತೇಶ್ ಬಂದ್ಯೋಪಾಧ್ಯಾಯ ಅವರ 'ತೀನ್ ಪೊಯ್ಶಾರ್ ಪಾಲಾ' (೧೯೬೯) ಮತ್ತು ಮರಾಠಿಯಲ್ಲಿ ಪು. ಲ. ದೇಶಪಾಂಡೆ ಅವರ 'ತೀನ್ ಪೈಶಾಚಾ ತಮಾಶಾ' (೧೯೭೮) ಹೆಸರಾಂತ ರೂಪಾಂತರಗಳು. ಮರಾಠಿ ರೂಪಾಂತರವು ತಮಾಶಾ ಎಂಬ ಜಾನಪದ ರಂಗಪ್ರಕಾರವನ್ನು ಬಳಸಿಕೊಂಡಿತು. ಕನ್ನಡದಲ್ಲಿ ಕೆ. ವಿ. ಸುಬ್ಬಣ್ಣ (೧೯೩೨-೨೦೦೫) ಈ ನಾಟಕವನ್ನು 'ಮೂರು ಕಾಸಿನ ಸಂಗೀತ ನಾಟಕ' ಎಂಬ ಹೆಸರಿನಲ್ಲಿ ಅನುವಾದಿಸಿದ್ದಾರೆ. ಅವರು ಕಟ್ಟಿ ಬೆಳೆಸಿದ ನೀನಾಸಂ ಸಂಸ್ಥೆ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ, ಸೊರಬಕ್ಕೆ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. ೧೯೪೯ರಲ್ಲಿ ಆರಂಭವಾದ ಆ ಸಂಸ್ಥೆ ೧೯೭೩ರಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿ, ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಮಲೆನಾಡಿನ ಹಳ್ಳಿಗರಿಗೆ ಪರಿಚಯಿಸಿತು. ಸುಬ್ಬಣ್ಣ ಅವರಿಗೆ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ರಂಗದಿಂದ ತೆರೆಗೆ ಸಾಗುವ ದಾರಿ ಕನ್ನಡಕ್ಕೂ ಪರಿಚಿತವೇ. ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ 'ಸತಿ ಸುಲೋಚನಾ' ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ. ಕಥೆ, ಸಂಭಾಷಣೆ ಮತ್ತು ಹಾಡುಗಳನ್ನು ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿ. ಮುಖ್ಯ ಪಾತ್ರಗಳನ್ನು ವಹಿಸಿದ ಎಂ. ವಿ. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾವ್ ವೃತ್ತಿರಂಗಭೂಮಿಯಿಂದ ಬಂದವರು. ಹಾರ್ಮೋನಿಯಂ ಜೊತೆಗೆ ಹಾಡಿ ಬೆಳೆದ ನಟರೇ ನಮ್ಮ ಆರಂಭದ ಚಿತ್ರಗಳ ಆಧಾರವಾಗಿದ್ದರು. ಆದರೆ ಕಂಪನಿ ನಾಟಕಗಳ ಕಾಲದಲ್ಲಿ ಕವಿಗೆ ಒಮ್ಮೆ ಸಂಭಾವನೆ ಸಂದ ಮೇಲೆ ಕೃತಿಯ ಮೇಲಿನ ಹಿಡಿತ ಬಹುಮಟ್ಟಿಗೆ ಕಂಪನಿಯ ಮಾಲೀಕರದೇ ಆಗಿರುತ್ತಿತ್ತು.

ಸ್ವತಂತ್ರ ಭಾರತದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೭ನೆಯ ಕಲಮು ಈ ವಿಷಯದಲ್ಲಿ ಲೇಖಕರಿಗೆ ವಿಶೇಷ ಹಕ್ಕನ್ನು ನೀಡಿದೆ. ಕೃತಿಸ್ವಾಮ್ಯವನ್ನು ಮಾರಿದ ಮೇಲೆಯೂ ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ಲೇಖಕ ಪ್ರಶ್ನಿಸಬಹುದು. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ 'ಆಪ್‌ಕಾ ಬಂಟಿ' ಕಾದಂಬರಿಯನ್ನು ಚಲನಚಿತ್ರವಾಗಿಸಿದಾಗ ಮಾಡಿದ ಬದಲಾವಣೆಗಳ ವಿರುದ್ಧ ೧೯೮೦ರ ದಶಕದಲ್ಲಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದುದು ಈ ಕಲಮಿನ ಆಧಾರದ ಮೇಲೆಯೇ. ೨೦೧೨ರಲ್ಲಿ ಕಾಯಿದೆಗೆ ತಂದ ತಿದ್ದುಪಡಿಯು ಚಲನಚಿತ್ರ ಗೀತೆಗಳ ಕವಿಗಳಿಗೂ ಸಂಗೀತ ಸಂಯೋಜಕರಿಗೂ, ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ಗೌರವಧನದಲ್ಲಿ ಪಾಲನ್ನು ಖಚಿತಪಡಿಸಿತು.

ಮಹತ್ವ

ಚಲನಚಿತ್ರದ ವಿದ್ಯಾರ್ಥಿಗಳು ಈ ಕೃತಿಯನ್ನು ಮೂರು ಕಾರಣಗಳಿಗಾಗಿ ಅಭ್ಯಸಿಸುತ್ತಾರೆ. ಮೊದಲನೆಯದು, ಮಾತು ಮತ್ತು ಹಾಡುಗಳನ್ನು ಚಲಿಸುವ ಕ್ಯಾಮರಾದೊಡನೆ ಹೊಂದಿಸಿದ ಆರಂಭದ ಯಶಸ್ವಿ ಪ್ರಯತ್ನಗಳಲ್ಲಿ ಇದೂ ಒಂದು. ಎರಡನೆಯದು, ಆ ಕಾಲದ ಇತರ ಸಂಗೀತಮಯ ಹಾಸ್ಯಚಿತ್ರಗಳು ಪ್ರೇಕ್ಷಕರಿಗೆ ಕಷ್ಟವನ್ನು ಮರೆಸಲು ಯತ್ನಿಸಿದರೆ ಇದು ಅದೇ ಹಾಡು ನಗೆಗಳಿಂದ ಆ ಕಷ್ಟದ ಕಾರಣವನ್ನು ಕೇಳಿತು. ಮೂರನೆಯದು ಅದರ ವ್ಯಾಜ್ಯ. ಬರೆಯುವವರು ಸಹಿ ಮಾಡುವ ಮುನ್ನ ಒಪ್ಪಂದದ ಪ್ರತಿಯೊಂದು ಸಾಲನ್ನೂ ಓದಬೇಕೆಂಬುದಕ್ಕೆ ಬ್ರೆಕ್ಟ್ ಮತ್ತು ವೈಲ್ ಪಡೆದ ಬೇರೆ ಬೇರೆ ತೀರ್ಪುಗಳು ಇಂದಿಗೂ ನಿದರ್ಶನವಾಗಿ ಉಲ್ಲೇಖಗೊಳ್ಳುತ್ತವೆ.